ಶಿಲಿ-ಶ್ಯಾಲಿ: ಪ್ರಶ್ನೆಯಿಂದ ಹುಟ್ಟಿ ಪ್ರಶ್ನೆಯಲ್ಲೇ ನಿಂತ ಪದ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಎರಡು ಡಿಸೈನ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳೋದು ಅಂತ ನಮ್ಮ ಟೀಮ್ ತುಂಬಾ ದಿನ ಎಳೆದಾಡಿತು. ಕೊನೆಗೆ ಕಾಲ್‌ನಲ್ಲಿ ಇಂಗ್ಲೆಂಡಿನ ಮ್ಯಾನೇಜರ್ ‘ನೋ ಮೋರ್ ಶಿಲಿ-ಶ್ಯಾಲಿಯಿಂಗ್, ಪ್ಲೀಸ್’ ಅಂದರು. ಎಲ್ಲರೂ ನಕ್ಕರು, ನನಗೆ ಅರ್ಥವಾಗಲಿಲ್ಲ. ಇದು ಬೈಗುಳವಾ? ಮಕ್ಕಳ ಮಾತಿನ ಥರ ಕೇಳಿಸುವ ಈ ಪದ ಬಂದಿದ್ದೆಲ್ಲಿಂದ? ಹೆಸಿಟೇಟ್, ಡಿದರ್, ಡೈಲೆಮಾ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕನ್ನಡದಲ್ಲಿ ಏನನ್ನಬೇಕು?

ಉತ್ತರ: ಮೊದಲಿಗೆ, ಗಾಬರಿ ಬೇಡ. ಇದು ಬೈಗುಳ ಅಲ್ಲ. ‘ಸಾಕು, ಇನ್ನೂ ಹಾಗಾ ಹೀಗಾ ಅಂತ ಕೂರಬೇಡಿ, ಒಂದು ತೀರ್ಮಾನಕ್ಕೆ ಬನ್ನಿ’ ಅಂತ ಅವರು ಹೇಳಿದ್ದು. ಮಾತಿನಲ್ಲಿ ಸ್ವಲ್ಪ ಅಸಹನೆ ಇದೆ, ಆದರೆ ಮೊನಚಿಲ್ಲ. ಇಂಗ್ಲೆಂಡಿನವರು ಬೇಸರವನ್ನು ಮೆತ್ತಗೆ ಹೇಳಬೇಕಾದಾಗ ಇಂಥ ಪದ ಹುಡುಕುತ್ತಾರೆ. ನಿಮ್ಮ ಸಹೋದ್ಯೋಗಿಗಳು ನಕ್ಕಿದ್ದೂ ಅದಕ್ಕೇ ಇರಬೇಕು. ಆ ಸದ್ದೇ ಹಾಗಿದೆ, ಗಂಭೀರವಾಗಿ ಕೇಳಿಸಿಕೊಳ್ಳೋಕೆ ಆಗೋದಿಲ್ಲ.

ಈಗ ಇದು ಎಲ್ಲಿಂದ ಬಂತು ಅನ್ನೋದನ್ನು ನೋಡೋಣ. ಇಂಗ್ಲಿಷ್ ಪದಗಳ ಮೂಲ ಹುಡುಕಿದರೆ ಹೆಚ್ಚಾಗಿ ಲ್ಯಾಟಿನ್‌ಗೋ ಗ್ರೀಕ್‌ಗೋ ಹೋಗಿ ನಿಲ್ಲುತ್ತೇವೆ. ಇದು ಹಾಗಲ್ಲ. ಇದರ ಮೂಲ ಒಬ್ಬ ಮನುಷ್ಯನ ಬಾಯಿಂದ ಬರುವ ಎರಡೇ ಎರಡು ಪದ: ‘ಶ್ಯಾಲ್ ಐ?’ ಅಂದರೆ ‘ಮಾಡಲಾ?’, ‘ಹೋಗಲಾ?’ ಅಂತ ಕೇಳುವ ಆ ಸಣ್ಣ ಪ್ರಶ್ನೆ. ತೀರ್ಮಾನ ಮಾಡಲಾಗದೆ ನಿಂತವನು ಮಾಡೋದು ಇದನ್ನೇ ಅಲ್ವಾ? ‘ಶ್ಯಾಲ್ ಐ? ಶ್ಯಾಲ್ ಐ?’ ಅಂತ ತನ್ನನ್ನೇ ಕೇಳಿಕೊಳ್ಳುತ್ತಾ ಇರುತ್ತಾನೆ. ಕೇಳಿಸಿಕೊಂಡವರು ಅದನ್ನೇ ಎತ್ತಿ ಅವನಿಗೆ ಹೆಸರಾಗಿ ಇಟ್ಟುಬಿಟ್ಟರು.

1670ರ ದಶಕದ ಇಂಗ್ಲಿಷ್ ಬರಹದಲ್ಲಿ ‘ಟು ಸ್ಟ್ಯಾಂಡ್ ಶ್ಯಾಲ್ ಐ, ಶ್ಯಾಲ್ ಐ’ ಅನ್ನುವ ನುಡಿಗಟ್ಟು ಸಿಗುತ್ತದೆ. ‘ಮಾಡಲಾ ಮಾಡಲಾ ಅಂತ ನಿಂತಿರೋದು’ ಅಂತ ಅರ್ಥ. ಆಗಿನ್ನೂ ಎರಡೂ ಕಡೆ ‘ಶ್ಯಾಲ್’ ಸ್ವಚ್ಛವಾಗಿಯೇ ಇತ್ತು. ಆಮೇಲೆ ಮೊದಲನೆಯದರ ಸ್ವರ ಬದಲಾಗಿ ‘ಶಿಲ್ ಐ, ಶ್ಯಾಲ್ ಐ’ ಆಯಿತು. ಈ ಘಟ್ಟದಲ್ಲಿ ಪದ ನಮಗೆ ತುಂಬಾ ಚೆನ್ನಾಗಿ ಕಾಣಸಿಗುವುದು 1700ರಲ್ಲಿ ಲಂಡನ್ನಿನ ರಂಗಮಂದಿರದ ಮೇಲೆ ಬಂದ ಒಂದು ನಾಟಕದಲ್ಲಿ. ವಿಲಿಯಂ ಕಾಂಗ್ರೀವ್ ಬರೆದ ‘ದ ವೇ ಆಫ್ ದ ವರ್ಲ್ಡ್’. ಈ ದೃಶ್ಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪದದ ಅರ್ಥ ಯಾವ ಡಿಕ್ಷನರಿಗಿಂತ ಚೆನ್ನಾಗಿ ಅಲ್ಲಿದೆ.

ನಾಟಕದಲ್ಲಿ ಸರ್ ವಿಲ್‌ಫುಲ್ ವಿಟ್‌ವುಡ್ ಅಂತ ಒಬ್ಬ ಹಳ್ಳಿಯ ಜಮೀನುದಾರ ಇದ್ದಾನೆ. ಷ್ರಾಪ್‌ಷೈರ್‌ನವನು. ಬೂಟು ಕೂಡ ಬದಲಾಯಿಸದೆ ಲಂಡನ್ನಿನ ದೊಡ್ಡ ಮನೆಗೆ ಬಂದಿಳಿದಿದ್ದಾನೆ. ಮನಸ್ಸು ಒಳ್ಳೆಯದು, ನಾಜೂಕು ಗೊತ್ತಿಲ್ಲ. ವಿದೇಶ ನೋಡಬೇಕು ಅನ್ನೋದು ಅವನ ಆಸೆ. ಮಿಸೆಸ್ ಮಾರ್‌ವುಡ್ ಅನ್ನುವ ಹೆಂಗಸು ಕೇಳುತ್ತಾಳೆ, ‘ನೀವು ಪ್ರವಾಸ ಹೊರಟಿದ್ದೀರಂತೆ?’ ಅವನು ಹೇಳುತ್ತಾನೆ, ‘ಹೊರಟರೂ ಹೊರಟೆ, ಮನಸ್ಸು ನಿಂತರೆ’. ಜೊತೆಗೆ ಇನ್ನೊಂದು ಷರತ್ತು: ಶಾಂತಿ ಉಳಿದರೆ, ಅಂದರೆ ತೆರಿಗೆ ಇಳಿದರೆ. (ಇದು ಆ ಕಾಲದ ನಿಜವಾದ ಚಿಂತೆ. 1697ರ ರಿಸ್ವಿಕ್ ಒಪ್ಪಂದದಿಂದ ಫ್ರಾನ್ಸ್ ಜೊತೆಗಿನ ಯುದ್ಧ ನಿಂತಿತ್ತು. ನಾಟಕ ಬಂದು ಎರಡೇ ವರ್ಷಕ್ಕೆ, 1702ರಲ್ಲಿ, ಇಂಗ್ಲೆಂಡ್ ಮತ್ತೆ ಫ್ರಾನ್ಸ್ ಮೇಲೆ ಯುದ್ಧ ಸಾರಿತು.)

‘ನೀವು ಏನಾದರಾಗಲಿ ಫ್ರಾನ್ಸಿಗೆ ಹೋಗೇ ಹೋಗ್ತೀರಿ ಅಂದುಕೊಂಡಿದ್ದೆ’ ಅನ್ನುತ್ತಾಳೆ ಅವಳು. ಆಗ ಸರ್ ವಿಲ್‌ಫುಲ್ ಕೊಡುವ ಉತ್ತರದ ಸಾರ ಹೀಗಿದೆ: ‘ಅದು ಹೇಳೋಕಾಗಲ್ಲ. ಹೋದರೂ ಹೋಗಬಹುದು, ಹೋಗದೆಯೂ ಇರಬಹುದು. ನಾನು ನಿರ್ಧಾರ ಮಾಡುವ ವಿಷಯದಲ್ಲಿ ಸ್ವಲ್ಪ ನಾಜೂಕು. ಯಾಕೆಂದರೆ ಒಮ್ಮೆ ಮಾಡಿದೆ ಅಂದರೆ ಬಿಡುವವನಲ್ಲ. ಆಮೇಲೆ ಶಿಲ್ ಐ ಶ್ಯಾಲ್ ಐ ಅಂತ ನಿಲ್ಲುವವನೂ ಅಲ್ಲ. ಹೇಳಿದೆ ಅಂದರೆ ಮಾಡಿದೆ ಅಂತಲೇ.’ ಇದಾದ ಮೇಲೆ ಮುಂದಿನ ಮಾತಿನಲ್ಲೇ, ಸಮುದ್ರ ದಾಟುವ ಮುಂಚೆ ಇಲ್ಲಿ ಸ್ವಲ್ಪ ದಿನ ಇದ್ದು ಒಂದಿಷ್ಟು ಫ್ರೆಂಚ್ ಕಲಿಯೋಣ ಅಂತಿದ್ದೇನೆ ಅನ್ನುತ್ತಾನೆ.

ಎಷ್ಟು ಚೆಂದ ನೋಡಿ. ‘ನಾನು ಎಳೆದಾಡುವವನಲ್ಲ’ ಅಂತ ಹೇಳುವ ಹೊತ್ತಿನಲ್ಲೇ ಎಳೆದಾಡುತ್ತಿದ್ದಾನೆ. ಅವನ ಹೆಸರನ್ನೂ ಗಮನಿಸಿ. ವಿಲ್‌ಫುಲ್ ಅಂದರೆ ಹಟಮಾರಿ. ಹೆಸರಿನಲ್ಲಿ ‘ವಿಲ್’ ಇದೆ, ಬಾಯಲ್ಲಿ ‘ಶ್ಯಾಲ್’ ಇದೆ. ಕಾಂಗ್ರೀವ್ ತನ್ನ ಪಾತ್ರಗಳ ಹೆಸರನ್ನು ಬಹಳ ಯೋಚಿಸಿ ಇಡುತ್ತಿದ್ದ ನಾಟಕಕಾರ. ಹಾಗಾಗಿ ಇದು ಸುಮ್ನೆ ಬಂದದ್ದು ಅಂತ ನನಗೆ ಅನಿಸುವುದಿಲ್ಲ.

ಮುಂದಿನ ಅಂಕದಲ್ಲಿ ಅವನ ಪಾಡು ಇನ್ನೂ ಸ್ಪಷ್ಟವಾಗುತ್ತದೆ. ಮಿಲಮೆಂಟ್ ಅನ್ನುವ ಚೆಲುವೆಯನ್ನು ಅವನು ಮದುವೆಗೆ ಕೇಳಬೇಕು ಅಂತ ಅವನ ತಾಯಿಯ ಸೋದರಿಯ ಆಸೆ. ಇವನಿಗೆ ಧೈರ್ಯ ಸಾಲದು. ಸ್ವಲ್ಪ ಪರಿಚಯ ಆಗಲಿ, ಆಮೇಲೆ ಮನಸ್ಸು ಬಿಚ್ಚಿ ಮಾತಾಡುತ್ತೇನೆ, ಈಗ ಹೊರಡುತ್ತೇನೆ ಅನ್ನುತ್ತಾನೆ. ಜೊತೆಗಿದ್ದ ಹೆಂಗಸು ಇವರಿಬ್ಬರನ್ನು ಒಳಗೆ ಬಿಟ್ಟು ಹೊರಗಿನಿಂದ ಬಾಗಿಲು ಹಾಕಿಕೊಳ್ಳುವಾಗ, ‘ಅಯ್ಯೋ, ಕೈಗವಸು ಮರೆತಿದ್ದೇನೆ’ ಅಂತ ತಡವರಿಸುತ್ತಾನೆ. ಆದರೂ ಕೊನೆಯ ಅಂಕದಲ್ಲಿ ಇದೇ ಮನುಷ್ಯ ಮದುವೆಯ ಆಸೆ ಬಿಟ್ಟು, ‘ವಿದೇಶ ನೋಡುವುದೇ ನನ್ನ ನಿರ್ಧಾರ’ ಅಂತ ಗಟ್ಟಿಯಾಗಿ ಹೇಳುತ್ತಾನೆ. ಅಲ್ಲಿಗೆ ಅವನ ಪ್ರಶ್ನೆ ಮುಗಿಯುತ್ತದೆ.

ಇದಾದ 5 ವರ್ಷಕ್ಕೆ, 1705ರಲ್ಲಿ, ರಿಚರ್ಡ್ ಸ್ಟೀಲ್ ಅವರ ‘ದ ಟೆಂಡರ್ ಹಸ್ಬೆಂಡ್’ ನಾಟಕ ಬಂತು. ಅದರಲ್ಲಿ ‘ಐ’ ಅನ್ನುವ ಅಕ್ಷರವೇ ಹೋಗಿ ‘ಶಿಲಿ-ಶ್ಯಾಲಿ’ ಆಗಿದೆ. ಅಂದರೆ ‘ನಾನು’ ಅನ್ನುವುದು ಪದದಿಂದ ಕಳಚಿಕೊಂಡಿತು. ಆಮೇಲೆ ಅದು ಒಬ್ಬನ ಪ್ರಶ್ನೆಯಾಗಿ ಉಳಿಯಲಿಲ್ಲ, ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಪದವಾಯಿತು. 1734ರ ಹೊತ್ತಿಗೆ ವಿಶೇಷಣವಾಗಿ, 1755ರ ಹೊತ್ತಿಗೆ ನಾಮಪದವಾಗಿ, 1782ರ ಹೊತ್ತಿಗೆ ಕ್ರಿಯಾಪದವಾಗಿ ಬಳಕೆಯಾದ ದಾಖಲೆಗಳಿವೆ. ನಿಮ್ಮ ಮ್ಯಾನೇಜರ್ ಬಳಸಿದ್ದು ಈ ಕೊನೆಯ ಕ್ರಿಯಾಪದದಿಂದ ಬಂದ ರೂಪ.

ಆದರೆ ಎಲ್ಲರೂ ಒಂದೇ ದಿನ ಹೊಸ ರೂಪಕ್ಕೆ ಬದಲಾಗಲಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ಅವರ ದೊಡ್ಡ ಇಂಗ್ಲಿಷ್ ನಿಘಂಟು 1755ರಲ್ಲಿ ಹೊರಬಂತು. 42 ಸಾವಿರಕ್ಕೂ ಹೆಚ್ಚು ಪದಗಳಿರುವ ಆ ನಿಘಂಟಿನಲ್ಲಿ ಈ ಪದ ಹಳೆಯ ರೂಪದಲ್ಲೇ ಇದೆ: ‘ಶಿಲ್-ಐ-ಶ್ಯಾಲ್-ಐ’. ‘ಶ್ಯಾಲ್ ಐ’ ಅನ್ನುವುದು ಕೆಟ್ಟು, ಇಮ್ಮಡಿಸಿ ಆದ ರೂಪ ಅಂತ ಜಾನ್ಸನ್ ಬರೆಯುತ್ತಾರೆ. ಹಿಂಜರಿಯುವ ಮನುಷ್ಯನ ಪ್ರಶ್ನೆ ಇದು ಅಂತಲೂ ಸೇರಿಸುತ್ತಾರೆ. ಉದಾಹರಣೆಗೆ ಕೊಟ್ಟಿರುವುದು ನಾನು ಮೇಲೆ ಹೇಳಿದ ಸರ್ ವಿಲ್‌ಫುಲ್‌ನ ಮಾತನ್ನೇ. ನಿಘಂಟು ಕೆಲಸದ ಬಗ್ಗೆ ಆಸಕ್ತಿ ಇರುವವರಿಗೆ ಇದು ಖುಷಿ ಕೊಡುವ ಸಂಗತಿ. ಪದದ ಹುಟ್ಟು, ಹುಟ್ಟಿದ ಕಾರಣ, ಬಳಸಿದವನ ಸ್ವಭಾವ ಮೂರೂ ನಾಲ್ಕೈದು ಸಾಲಿನಲ್ಲಿ ಸಿಕ್ಕಿಬಿಡುತ್ತವೆ.

ಜಾನ್ಸನ್‌ಗೂ ಈ ಕಾಯಿಲೆ ಚೆನ್ನಾಗಿಯೇ ಗೊತ್ತಿತ್ತು. ಕೆಲಸ ಮುಂದೂಡುವುದರ ಬಗ್ಗೆ ಅವರು 1751ರಲ್ಲಿ ತಮ್ಮ ‘ರ್‍ಯಾಂಬ್ಲರ್’ ಪತ್ರಿಕೆಯಲ್ಲಿ ಒಂದು ಒಳ್ಳೆಯ ಪ್ರಬಂಧ ಬರೆದರು. ಅದನ್ನು ಬರೆದಿದ್ದು ಮುದ್ರಣಾಲಯದ ಹುಡುಗ ಕಾಯುತ್ತಾ ನಿಂತಿದ್ದಾಗ, ಅವಸರವಸರವಾಗಿ, ಅಂತ ಕೇಳಿದ್ದೇನೆ ಎಂದು ಅವರ ಗೆಳತಿ ಹೆಸ್ಟರ್ ಪಿಯೋಝಿ ಬರೆದಿಟ್ಟಿದ್ದಾರೆ.

ಈಗ ಸದ್ದಿನ ವಿಷಯ. ‘ಶ್ಯಾಲ್’ ಯಾಕೆ ‘ಶಿಲ್’ ಆಯಿತು? ‘ಶಿಲ್’ ಅನ್ನುವ ಬೇರೆ ಪದ ಏನಾದರೂ ಇಲ್ಲಿ ಸೇರಿಕೊಂಡಿತಾ? ಇಲ್ಲ. ಈಗ ಅಮೆರಿಕದವರು ಬಳಸುವ ‘ಶಿಲ್’, ಅಂದರೆ ದುಡ್ಡು ಪಡೆದು ಹೊಗಳುವವನು ಅನ್ನುವ ಪದ, ತೀರಾ ಈಚಿನದು. ಶಿಲ್ಲಿಂಗ್ ನಾಣ್ಯಕ್ಕೂ ಇದಕ್ಕೂ ನಂಟಿಲ್ಲ. ಇಲ್ಲಿ ನಡೆದಿರುವುದು ಇಂಗ್ಲಿಷಿನ ಒಂದು ಹಳೆಯ ಚಾಳಿ. ಪದವನ್ನು ಜೋಡಿ ಮಾಡುವಾಗ ಮೊದಲ ಭಾಗಕ್ಕೆ ‘ಇ’ ಸ್ವರ, ಎರಡನೆಯದಕ್ಕೆ ಬಾಯಿ ಅಗಲ ತೆರೆಯುವ ‘ಆ’ ಅಥವಾ ‘ಆ್ಯ’ ಸ್ವರ ಬರುತ್ತದೆ. ಝಿಗ್-ಝ್ಯಾಗ್, ಚಿಟ್-ಚ್ಯಾಟ್, ಟಿಕ್-ಟಾಕ್, ಡಿಂಗ್-ಡಾಂಗ್, ಪಿಂಗ್-ಪಾಂಗ್, ಫ್ಲಿಪ್-ಫ್ಲಾಪ್. ತಿರುಗಿಸಿ ಹೇಳಿ ನೋಡಿ: ಝ್ಯಾಗ್-ಝಿಗ್, ಡಾಂಗ್-ಡಿಂಗ್. ಇಂಗ್ಲಿಷ್ ಕಿವಿಗೆ ಅದು ಒಗ್ಗುವುದೇ ಇಲ್ಲ. ‘ಶ್ಯಾಲ್ ಐ, ಶ್ಯಾಲ್ ಐ’ ಕೂಡ ಜನರ ಬಾಯಲ್ಲಿ ಉರುಳಿ ಉರುಳಿ ಇದೇ ಅಚ್ಚಿಗೆ ಬಂತು.

ನಮ್ಮ ಕನ್ನಡದಲ್ಲೂ ಜೋಡಿ ಮಾತಿಗೆ ಬರವಿಲ್ಲ. ಆದರೆ ಲೆಕ್ಕ ಉಲ್ಟಾ. ನಾವು ‘ಕಾಫಿ ಗೀಫಿ’, ‘ಪುಸ್ತಕ ಗಿಸ್ತಕ’, ‘ಹಾಡು ಗೀಡು’ ಅನ್ನುತ್ತೇವೆ. ಅಸಲಿ ಪದ ಮೊದಲು, ‘ಗಿ’ ಅಥವಾ ‘ಗೀ’ ಸೇರಿದ ಬಾಲ ಆಮೇಲೆ. ಇಂಗ್ಲಿಷಿನಲ್ಲಿ ‘ಇ’ ಇರುವ ಟೊಳ್ಳು ಪದ ಮುಂದೆ ಬರುತ್ತದೆ, ಅಸಲಿ ಪದ ಹಿಂದೆ. ಶಿಲಿ-ಶ್ಯಾಲಿಯಲ್ಲಿ ಅಸಲಿ ಇರುವುದು ‘ಶ್ಯಾಲಿ’. ಡಿಲಿ-ಡ್ಯಾಲಿಯಲ್ಲಿ ‘ಡ್ಯಾಲಿ’. ವಿಷಿ-ವಾಷಿಯಲ್ಲಿ ‘ವಾಷಿ’, ಅಂದರೆ ನೀರು ನೀರಾದದ್ದು. ಎದುರಿಗೆ ಇಂಥ ಪದ ಬಂದಾಗ ಅರ್ಥ ಊಹಿಸಬೇಕಾದರೆ ಎರಡನೇ ಭಾಗ ನೋಡಿ. ಹೆಚ್ಚಿನ ಸಲ ಕೆಲಸ ಮಾಡುತ್ತದೆ.

ಈ ‘ಶ್ಯಾಲ್’ ಬಗ್ಗೆಯೂ ಎರಡು ಮಾತು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ‘ನಾನು ಸಾಲ ಕೊಡಬೇಕು’, ‘ನನ್ನ ಮೇಲೆ ಹೊಣೆ ಇದೆ’ ಅನ್ನುವ ಅರ್ಥ ಇತ್ತು. ಜರ್ಮನ್ ಭಾಷೆಯಲ್ಲಿ ಇದರ ನೆಂಟ ಪದ ‘ಶುಲ್ಡ್’ ಅಂದರೆ ಇವತ್ತಿಗೂ ಸಾಲ, ತಪ್ಪಿನ ಹೊಣೆ ಅಂತ. ಹಾಗಾಗಿ ‘ಶ್ಯಾಲ್ ಐ?’ ಅನ್ನುವ ಪ್ರಶ್ನೆಯಲ್ಲಿ ‘ನನಗೆ ಇಷ್ಟವಾ?’ ಅನ್ನುವುದಕ್ಕಿಂತ ‘ನಾನು ಮಾಡಬೇಕಾ?’ ಅನ್ನುವುದು ಹೆಚ್ಚು. ಉತ್ತರದ ಭಾರವನ್ನು ಬೇರೆ ಯಾರಾದರೂ ಹೊರಲಿ ಅನ್ನುವ ದನಿ ಅದರಲ್ಲಿ ಮೊದಲಿನಿಂದಲೂ ಇದೆ. ‘ಬರಲಾ?’ ಅಂತ ನಾವು ಇನ್ನೊಬ್ಬರನ್ನು ಕೇಳಿದಾಗ ತೀರ್ಮಾನ ಅವರ ಕೈಗೆ ಹೋಗುತ್ತದೆ. ಅದೇ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಂಡರೆ? ಕೊಡುವವರೇ ಇಲ್ಲ.

ನನ್ನ ಪ್ರಕಾರ ಈ ಪದದ ಜೀವ ಇರೋದು ಇಲ್ಲೇ. ಇಂಗ್ಲಿಷಿನಲ್ಲಿ ಇದೇ ಥರ ಹುಟ್ಟಿದ ಇನ್ನೊಂದು ಪದ ಇದೆ, ‘ವಿಲಿ-ನಿಲಿ’. ಅದರ ಮೂಲ ‘ವಿಲ್ ಯೂ, ನಿಲ್ ಯೂ’. ‘ನಿಲ್’ ಅಂದರೆ ‘ವಿಲ್’ ಇಲ್ಲ, ಒಲ್ಲೆ ಅಂತ. ಷೇಕ್ಸ್‌ಪಿಯರ್‌ನ ‘ದ ಟೇಮಿಂಗ್ ಆಫ್ ದ ಶ್ರೂ’ ನಾಟಕದಲ್ಲಿ ಪೆಟ್ರೂಕಿಯೋ ಇದೇ ಮಾತು ಹೇಳಿ, ನೀನು ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ, ಮದುವೆಯಂತೂ ಆಗುತ್ತೇನೆ ಅನ್ನುತ್ತಾನೆ. ಅಲ್ಲಿ ‘ಹೌದು’ ಇದೆ, ‘ಇಲ್ಲ’ವೂ ಇದೆ. ಎರಡು ದಾರಿ ಇವೆ. ಶಿಲಿ-ಶ್ಯಾಲಿಯಲ್ಲಿ ‘ಇಲ್ಲ’ ಅನ್ನುವುದೇ ಇಲ್ಲ! ಮಾಡಲಾ ಬೇಡವಾ ಅಂತ ಅದು ಕೇಳುವುದಿಲ್ಲ. ಮಾಡಲಾ, ಮಾಡಲಾ ಅಂತ ಒಂದನ್ನೇ ಎರಡು ಸಲ ಕೇಳುತ್ತದೆ. ಹಾಗಾಗಿ ಈ ಪದ ಎರಡು ಆಯ್ಕೆಗಳ ನಡುವಿನ ಕಷ್ಟವನ್ನು ಹೇಳುವ ಪದ ಅಲ್ಲ. ಯೋಚನೆ ಮುಗಿದ ಮೇಲೂ ಪ್ರಶ್ನೆಯನ್ನು ಬಿಡದೆ ತಿರುತಿರುಗಿ ಕೇಳುವ ಅಭ್ಯಾಸವನ್ನು ಹೇಳುವ ಪದ. ಇದರಲ್ಲಿ ಯಾವಾಗಲೂ ಸ್ವಲ್ಪ ಆಕ್ಷೇಪ ಇರುವುದು ಅದಕ್ಕೇ.

ನೀವು ಕೇಳಿದ ಉಳಿದ ಪದಗಳನ್ನು ಇದರ ಪಕ್ಕಕ್ಕೆ ಇಟ್ಟರೆ ವ್ಯತ್ಯಾಸ ಕಾಣುತ್ತದೆ.

ಡೈಲೆಮಾ ಗ್ರೀಕ್ ತರ್ಕಶಾಸ್ತ್ರದಿಂದ ಬಂದದ್ದು. ‘ಡಿ’ ಅಂದರೆ ಎರಡು, ‘ಲೆಮಾ’ ಅಂದರೆ ವಾದದಲ್ಲಿ ಹಿಡಿದುಕೊಳ್ಳುವ ಒಂದು ಮಾತು. ಯಾವ ಮಾತು ಹಿಡಿದರೂ ಎದುರಾಳಿ ಸಿಕ್ಕಿಹಾಕಿಕೊಳ್ಳಬೇಕು, ಅಂಥ ವಾದ ಅದು. ಅದಕ್ಕೇ ಇಂಗ್ಲಿಷಿನವರು ಡೈಲೆಮಾಗೆ ಎರಡು ಕೊಂಬು ಇವೆ ಅನ್ನುತ್ತಾರೆ. ನಮ್ಮ ‘ಅತ್ತ ದರಿ ಇತ್ತ ಪುಲಿ’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ಬೇರೆ ಅನುವಾದ ಬೇಕಿಲ್ಲ. ಡೈಲೆಮಾದಲ್ಲಿ ಸಿಕ್ಕವನ ತಪ್ಪಿಲ್ಲ, ಪರಿಸ್ಥಿತಿಯೇ ಹಾಗಿದೆ. ಅವನನ್ನು ಕಂಡರೆ ಅಯ್ಯೋ ಅನಿಸುತ್ತದೆ. ಶಿಲಿ-ಶ್ಯಾಲಿ ಮಾಡುವವನನ್ನು ಕಂಡರೆ ‘ಬೇಗ ಹೇಳಪ್ಪಾ’ ಅನಿಸುತ್ತದೆ.

ಹೆಸಿಟೇಟ್ ಲ್ಯಾಟಿನ್‌ನಿಂದ ಬಂದದ್ದು. ಅಂಟಿಕೊಳ್ಳುವುದು ಅಂತ ಅರ್ಥವಿರುವ ಧಾತುವಿನಿಂದ. ಬ್ಯಾಂಡೇಜ್ ಮೇಲೆ ಕಾಣುವ ‘ಅಡ್‌ಹೆಸಿವ್’ ಕೂಡ ಅದೇ ಕುಟುಂಬ. ಕಾಲು ಒಂದು ಕ್ಷಣ ನೆಲಕ್ಕೆ ಅಂಟಿಕೊಂಡಂತೆ ನಿಲ್ಲುವುದು. ‘ಹಿಂದೆ ಮುಂದೆ ನೋಡು’, ‘ಹಿಂಜರಿ’ ಸರಿಹೋಗುತ್ತದೆ. ಇದರಲ್ಲಿ ಆಕ್ಷೇಪ ಇರಲೇಬೇಕು ಅಂತಿಲ್ಲ. ‘ಪ್ಲೀಸ್ ಡೋಂಟ್ ಹೆಸಿಟೇಟ್ ಟು ಕಾಲ್’ ಅಂತ ದಿನಾ ಬರೆಯುತ್ತೀರಲ್ಲ.

ವ್ಯಾಸಿಲೇಟ್ ಕೂಡ ಲ್ಯಾಟಿನ್ನೇ, ಅತ್ತಿತ್ತ ತೂಗಾಡುವುದು. ನಮ್ಮ ‘ಹೊಯ್ದಾಟ’ ಇದರ ಸೋದರ ಅನ್ನಬಹುದು. ಇವತ್ತು ಇದು ಸರಿ ಅನಿಸುತ್ತದೆ, ನಾಳೆ ಅದು. ಬರವಣಿಗೆಯ ಪದ, ಮಾತಿನಲ್ಲಿ ಕಡಿಮೆ.

ಡಿದರ್ ಸ್ವಲ್ಪ ಬೇರೆ ದಾರಿಯಿಂದ ಬಂತು. 17ನೇ ಶತಮಾನದಲ್ಲಿ ಇದರ ಅರ್ಥ ಬರೀ ನಡುಗುವುದು. ತೀರ್ಮಾನಿಸಲಾಗದೆ ಚಡಪಡಿಸುವುದು ಅನ್ನುವ ಅರ್ಥ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ನೀವು ಸಾಫ್ಟ್‌ವೇರ್‌ನವರು, ಇಮೇಜ್ ಎಡಿಟರ್‌ಗಳಲ್ಲಿ ‘ಡಿದರ್’ ಆಯ್ಕೆ ನೋಡಿರುತ್ತೀರಿ. ಕಡಿಮೆ ಬಣ್ಣಗಳಿದ್ದಾಗ ಚುಕ್ಕಿಗಳನ್ನು ಚೆದುರಿಸಿ ನಡುವಿನ ಬಣ್ಣ ಇದ್ದಂತೆ ಕಾಣಿಸುವುದು. ಅದರ ಹಿಂದಿರುವುದೂ ಆ ನಡುಕದ ಅರ್ಥವೇ. ಇವತ್ತು ಡಿದರ್ ರಾಜಕೀಯದ ಪದವಾಗಿದೆ. 2009ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಹೆಚ್ಚು ಸೈನ್ಯ ಕಳಿಸುವ ಬಗ್ಗೆ ಒಬಾಮಾ ಯೋಚಿಸುತ್ತಿದ್ದಾಗ, ಹಿಂದಿನ ಉಪಾಧ್ಯಕ್ಷ ಡಿಕ್ ಚೇನಿ ‘ಶ್ವೇತಭವನ ಡಿದರ್ ಮಾಡುವುದನ್ನು ನಿಲ್ಲಿಸಬೇಕು’ ಅಂದರು. ಅದು ದೊಡ್ಡ ಸುದ್ದಿಯಾಯಿತು. ಅಂಥ ಜಾಗದಲ್ಲಿ ಶಿಲಿ-ಶ್ಯಾಲಿ ಅಂದಿದ್ದರೆ ಏಟು ಬೀಳುತ್ತಿರಲಿಲ್ಲ. ಡಿದರ್‌ನಲ್ಲಿ ಹೆದರಿಕೆಯ ಆರೋಪ ಸೇರಿಕೊಂಡಿದೆ. ಶಿಲಿ-ಶ್ಯಾಲಿಯಲ್ಲಿ ಹೆದರಿಕೆ ಇಲ್ಲ, ಬರೀ ಎಳೆದಾಟ.

ಫ್ಲಿಪ್-ಫ್ಲಾಪ್ ಅನ್ನು ಇದರ ಜೊತೆ ಸೇರಿಸಬೇಡಿ. ಅದು ತೀರ್ಮಾನ ಮಾಡಿ ಆಮೇಲೆ ಬದಲಾಯಿಸುವುದು. 2004ರ ಅಮೆರಿಕದ ಚುನಾವಣೆಯಲ್ಲಿ ಜಾನ್ ಕೆರಿ ಮೇಲೆ ಇದೇ ಆರೋಪ ಹೊರಿಸಿ, ಎದುರಾಳಿಗಳು ಹವಾಯಿ ಚಪ್ಪಲಿ ಹಿಡಿದು ಆಡಿಸುತ್ತಿದ್ದರು. ಆ ಚಪ್ಪಲಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು.

ಡಿಲಿ-ಡ್ಯಾಲಿಯ ಜೊತೆ ಗೊಂದಲ ಆಗುವುದು ಜಾಸ್ತಿ. ಡಿಲಿ-ಡ್ಯಾಲಿ ಅಂದರೆ ಹೊತ್ತು ಕಳೆಯುವುದು, ದಾರಿಯಲ್ಲಿ ನಿಧಾನ ಮಾಡುವುದು. ಅಂಗಡಿಗೆ ಕಳಿಸಿದ ಹುಡುಗ ಆಟ ನೋಡುತ್ತಾ ನಿಂತರೆ ಅದು ಡಿಲಿ-ಡ್ಯಾಲಿ. ಯಾವ ಅಂಗಡಿಗೆ ಹೋಗಲಿ ಅಂತ ಬಾಗಿಲಲ್ಲೇ ನಿಂತರೆ ಶಿಲಿ-ಶ್ಯಾಲಿ.

ಇನ್ನು ವಾಫಲ್. ಇದರ ಬಗ್ಗೆ ಒಂದು ಎಚ್ಚರಿಕೆ, ಯಾಕೆಂದರೆ ನಿಮಗೆ ಎರಡೂ ದೇಶಗಳ ಕ್ಲೈಂಟ್‌ಗಳು ಇರಬಹುದು. ಅಮೆರಿಕದವರು ‘ಹಿ ಈಸ್ ವಾಫ್ಲಿಂಗ್’ ಅಂದರೆ ಅವನು ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ ಅಂತ. ಬ್ರಿಟಿಷರು ಅದನ್ನೇ ಅಂದರೆ ಸುಮ್ನೆ ಉದ್ದುದ್ದ ಮಾತಾಡುತ್ತಿದ್ದಾನೆ, ಹುರುಳಿಲ್ಲ ಅಂತ. ತಿನ್ನುವ ವಾಫಲ್‌ಗೂ ಇದಕ್ಕೂ ಸಂಬಂಧ ಇಲ್ಲ. ತಿಂಡಿಯ ಹೆಸರು ಡಚ್ ಭಾಷೆಯದು, ಮಾತಿನ ವಾಫಲ್ ನಾಯಿಮರಿ ಬೊಗಳುವ ಸದ್ದಿನಿಂದ ಬಂದದ್ದು.

ಕೊನೆಯದಾಗಿ ಕನ್ನಡ. ಇದಕ್ಕೆ ಎರಡು ಒಳ್ಳೆಯ ಮಾತುಗಳು ನಮ್ಮಲ್ಲಿವೆ. ಒಂದು, ‘ಮೀನಮೇಷ ಎಣಿಸುವುದು’. ರಾಶಿಚಕ್ರದಲ್ಲಿ ಮೇಷ ಮೊದಲನೆಯದು, ಮೀನ ಕೊನೆಯದು. ಒಳ್ಳೆಯ ಗಳಿಗೆ ಹುಡುಕುತ್ತಾ ರಾಶಿಗಳನ್ನು ಎಣಿಸುತ್ತಾ ಕೂತವನ ಚಿತ್ರ ಅದರಲ್ಲಿದೆ. ಪತ್ರಿಕೆಗಳಲ್ಲಿ ‘ಸರ್ಕಾರ ಮೀನಮೇಷ ಎಣಿಸುತ್ತಿದೆ’ ಅಂತ ಓದುತ್ತಲೇ ಇರುತ್ತೇವೆ. ಇನ್ನೊಂದು, ‘ಅಳೆದೂ ಸುರಿದೂ’. ಸೇರಿನಲ್ಲಿ ಕಾಳು ಅಳೆಯುವುದು, ಮತ್ತೆ ರಾಶಿಗೇ ಸುರಿಯುವುದು, ಮತ್ತೆ ಅಳೆಯುವುದು. ಮೊದಲ ಸಲವೇ ಲೆಕ್ಕ ಸಿಕ್ಕಿತ್ತು, ಆದರೂ ನಂಬಿಕೆ ಇಲ್ಲ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವ ಶಿಲಿ-ಶ್ಯಾಲಿಯ ಮನಸ್ಸಿಗೆ ಇದೇ ಹತ್ತಿರ ಅಂತ ನನ್ನ ಅಭಿಪ್ರಾಯ. ಬಳಸುವಾಗ ಒಂದು ಸೂಕ್ಷ್ಮ ಇದೆ. ‘ಅಳೆದೂ ಸುರಿದೂ ಕೊನೆಗೆ ಒಪ್ಪಿಕೊಂಡರು’ ಅನ್ನುತ್ತೇವೆ, ಅಂದರೆ ತೀರ್ಮಾನ ಆದಮೇಲೆ. ಇನ್ನೂ ಆಗಿಲ್ಲ ಅಂದರೆ ‘ಮೀನಮೇಷ’ವೇ ಸಹಜ. ನಿಮ್ಮ ಮ್ಯಾನೇಜರ್ ಮಾತನ್ನು ಕನ್ನಡಕ್ಕೆ ತಂದರೆ, ‘ಇನ್ನು ಮೀನಮೇಷ ಎಣಿಸೋದು ಬೇಡ’ ಅಂತ ಆಗುತ್ತದೆ. ‘ಅಳೆದು ತೂಗಿ’ ಅನ್ನುವುದನ್ನು ಮಾತ್ರ ಇಲ್ಲಿ ಬಳಸಬೇಡಿ. ಅದು ಹೊಗಳಿಕೆ, ಚೆನ್ನಾಗಿ ಯೋಚಿಸಿ ಮಾಡಿದ್ದು ಅಂತ.

ಬಳಕೆಯ ಬಗ್ಗೆ ಇಷ್ಟು ನೆನಪಿಡಿ. ಮೊದಲ ಭಾಗದ ಮೇಲೆ ಒತ್ತು ಕೊಟ್ಟು ಹೇಳಬೇಕು, ‘ಶಿಲಿ’ ಜೋರು, ‘ಶ್ಯಾಲಿ’ ಇಳಿದನಿ. ಬರೆಯುವಾಗ ನಡುವೆ ಅಡ್ಡಗೆರೆ ಇರಲಿ, ಎರಡೂ ಕಡೆ ‘ಎಲ್’ ಎರಡೆರಡು ಸಲ, ಕೊನೆಯಲ್ಲಿ ‘ವೈ’. ಭೂತಕಾಲದಲ್ಲಿ ಆ ಕೊನೆಯ ‘ವೈ’ ಹೋಗಿ ‘ಐ-ಇ-ಡಿ’ ಬರುತ್ತದೆ. ‘ಇಂಗ್’ ಸೇರಿಸುವಾಗ ‘ವೈ’ ಹಾಗೇ ಉಳಿಯುತ್ತದೆ. ಗೆಳೆಯರಿಗೆ, ಮನೆಯವರಿಗೆ, ಸಲಿಗೆ ಇರುವ ಸಹೋದ್ಯೋಗಿಗಳಿಗೆ ಧಾರಾಳವಾಗಿ ಹೇಳಬಹುದು. ಮೇಲಧಿಕಾರಿಗೆ ಅಥವಾ ಕ್ಲೈಂಟ್‌ಗೆ ನೀವಾಗಿ ಹೇಳಬೇಡಿ, ಅವರು ಎಳೆಯುತ್ತಿದ್ದಾರೆ ಅಂತ ದೂರಿದ ಹಾಗೆ ಆಗುತ್ತದೆ. ಈಮೇಲ್‌ನಲ್ಲಿ, ರಿಪೋರ್ಟ್‌ನಲ್ಲಿ ‘ಅನ್‌ಡಿಸೈಡೆಡ್’ ಸಾಕು. ನಿಮ್ಮ ಟೀಮ್ ಬಗ್ಗೆಯೇ ಹೇಳುವಾಗ ಮಾತ್ರ ಅಡ್ಡಿ ಇಲ್ಲ. ಮುಂದಿನ ಕಾಲ್‌ನಲ್ಲಿ ಡಿಸೈನ್ ಯಾವುದು ಅಂತ ಹೇಳುವ ಮುಂಚೆ, ‘ವಿ ಹ್ಯಾವ್ ಸ್ಟಾಪ್ಡ್ ಶಿಲಿ-ಶ್ಯಾಲಿಯಿಂಗ್’ ಅಂತ ಶುರು ಮಾಡಿ. ಅವರು ಖಂಡಿತ ಮೆಚ್ಚಿಕೊಳ್ಳುತ್ತಾರೆ.